ನಾನು ಕಾಲಿಡದ ಹಿತ್ತಲು

ಯಾರಾದರೂ ದೆವ್ವದ ಮಾತು ತೆಗೆದರೆ ಎದ್ದು ಹೋಗಿ ಬ್ರಷ್ ತೊಳೆಯುತ್ತಿದ್ದವನು ನಾನು. ಹೆದರಿ ಅಲ್ಲ, ಬೇಸರದಿಂದ. ಹುಣಸೆ ಗಿಡದ ಕೆಳಗೆ ಏನೋ ಕಂಡೆ ಎಂದವರಿಗೆ, ಅದರ ಬಣ್ಣ ಯಾವುದು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಹೀಗಾಗಿ ನಾನೀಗ ಹೇಳಹೊರಟಿದ್ದನ್ನು ನೀವು ನಂಬದಿದ್ದರೆ ನನಗೆ ಸಿಟ್ಟಿಲ್ಲ. ಇದನ್ನೇ ನೀವು ನನಗೆ ಹೇಳಿದ್ದರೆ ನಾನೂ ಎದ್ದು ಹೋಗುತ್ತಿದ್ದೆ.

ಆಗ ದೊಡ್ಡ ಯುದ್ಧ ನಡೆಯುತ್ತಿತ್ತು. ನಾನು ಧಾರವಾಡದ ಒಂದು ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಹಗಲೆಲ್ಲ ಹುಡುಗರಿಂದ ತಂಬಿಗೆ, ಮಾವಿನಕಾಯಿ ಬರೆಸುವುದು. ಮನೆಗೆ ಬಂದ ಮೇಲೆ ನನ್ನ ಸ್ವಂತದ ನಿಸರ್ಗಚಿತ್ರಗಳು. ಅದರಲ್ಲಿ ನನ್ನದೊಂದು ಹಟವಿತ್ತು. ನನ್ನ ಕಾಲು ತುಳಿಯದ ಜಾಗವನ್ನು ನಾನು ಬರೆಯುತ್ತಿರಲಿಲ್ಲ. ಹಿಮಾಲಯ ಬರೆದುಕೊಡಿ ಎಂದು ಬಂದವರನ್ನು, ರೈಲಿನ ಟಿಕೀಟು ತೆಗೆಸಿಕೊಡಿ ಬರೆಯುತ್ತೇನೆ ಎಂದು ಸಾಗಹಾಕಿದ್ದೇನೆ. ಕೆಲಗೇರಿ ಕೆರೆ, ಉಣಕಲ್ಲಿನ ದಂಡೆ, ಕಲಘಟಗಿ ದಾರಿಯ ಮರಗಳು, ಇಷ್ಟೇ ನನ್ನ ಪ್ರಪಂಚ. ಹೋಗುವಾಗ ಕಾಗದ, ಬಣ್ಣ ಒಯ್ಯುತ್ತಿರಲಿಲ್ಲ. ಸುಮ್ಮನೆ ಕೂತು ಬಂದು, ತಿಂಗಳೊಪ್ಪತ್ತು ಬಿಟ್ಟು ಮನೆಯಲ್ಲಿ ನೆನಪಿನಿಂದ ಬರೆಯುತ್ತಿದ್ದೆ. ಮರೆತುಹೋದದ್ದು ಚಿತ್ರಕ್ಕೆ ಬೇಡವಾದದ್ದು ಎಂಬುದು ನನ್ನ ನಂಬಿಕೆ. ನಂಬಿಕೆಗಳ ವಿಷಯದಲ್ಲಿ ನಾನೇನೂ ಕಡಿಮೆ ಇರಲಿಲ್ಲ ಎಂದು ಈಗ ಅನಿಸುತ್ತದೆ.

ಶ್ರಾವಣದ ಒಂದು ಸಂಜೆ ಹೀಗೆಯೇ ಬರೆಯುತ್ತ ಕೂತಿದ್ದೆ. ಚಿಕ್ಕಂದಿನಲ್ಲಿ ರಜೆಗೆ ಹೋಗುತ್ತಿದ್ದ ಸೋದರಮಾವನ ಮನೆಯ ಹಿತ್ತಲು ಎಂದುಕೊಂಡು ಶುರುಮಾಡಿದ್ದು. ಕೈ ತಾನಾಗಿ ನಡೆಯಿತು. ಮಣ್ಣಿನ ಗೋಡೆ, ಅದರಲ್ಲೊಂದು ಗಿಡ್ಡ ಬಾಗಿಲು, ಅರ್ಧ ತೆರೆದದ್ದು. ಬಾಗಿಲ ಮುಂದೆ ಮೆಟ್ಟಿಲಿಗೆಂದು ಹಾಕಿದ ಹಳೆಯ ಬೀಸುಕಲ್ಲು. ಬದಿಯಲ್ಲಿ ಜೋಳ ತುಂಬಿಡುವ ಹಗೇವು, ಅದರ ಬಾಯಿಗೆ ಮುಚ್ಚಿದ ಹಾಸುಗಲ್ಲು. ಆಚೆ ಕರಿ ಹೊಲ. ಬೀಸುಕಲ್ಲಿನ ನಟ್ಟನಡುವೆ ನನ್ನ ಬ್ರಷ್ ಒಂದು ಬಿಳಿ ಚುಕ್ಕೆ ಇಟ್ಟಿತು. ಅಲ್ಲಿ ಬಿಳಿ ಬರಲು ಕಾರಣವೇ ಇಲ್ಲ, ಬೆಳಕು ಆ ಕಡೆಯದಲ್ಲ. ಅದರ ಮೇಲೆ ಕಂದು ಹಚ್ಚಿದೆ. ಹಚ್ಚಿದೊಡನೆ ಇಡೀ ಚಿತ್ರವೇ ಸುಳ್ಳಾದಂತೆ ಕಂಡಿತು. ಬೇರೆ ದಾರಿಯಿಲ್ಲದೆ ಮತ್ತೆ ಬಿಳಿ ಇಟ್ಟೆ.

ಆಗ ನನ್ನ ಬೆನ್ನ ಹಿಂದೆ ಯಾರೋ "ಬರ್ತೇನ್ರಿ" ಅಂದರು.

ಗಂಡಸಿನ ದನಿ, ಎಳೆಯದು, ಸ್ವಲ್ಪ ಸಂಕೋಚದ್ದು. ಹೊರಟವರು ನಮ್ಮಲ್ಲಿ ಹೋಗುತ್ತೇನೆ ಅನ್ನುವುದಿಲ್ಲವಲ್ಲ, ಅದು ತಿರುಗಿ ಬಾರದವರ ಮಾತು. ಯಾರೋ ಹಳೆಯ ವಿದ್ಯಾರ್ಥಿ ಬಂದು, ನಿಂತು ನೋಡಿ ಹೊರಟಿರಬೇಕು ಎಂದುಕೊಂಡು, ಚಿತ್ರದಿಂದ ಕಣ್ಣು ಕೀಳದೆ "ಹೂಂ, ಬರ್ರಿ" ಅಂದೆ.

ಸ್ವಲ್ಪ ಹೊತ್ತಿಗೆ ಹೆಂಡತಿ ಒಳಗೆ ಬಂದಳು. "ಯಾರ ಜೋಡಿ ಮಾತಾಡಿದ್ರಿ?"

"ಈಗ ಹೋದ್ನಲ್ಲ, ಅವನ ಜೋಡಿ."

"ಯಾರು ಹೋದ್ರು? ನಾ ಬಾಗಲದ ಮುಂದ ಅಕ್ಕಿ ಆರಿಸ್ಕೋತ ಕುಂತೇನಿ. ನನ್ನ ದಾಟಿ ಬೆಕ್ಕು ಸೈತ ಹೋಗಿಲ್ಲ." ಅಷ್ಟಕ್ಕೇ ಬಿಡದೆ ಚಿತ್ರ ನೋಡಿ ನಕ್ಕಳು. "ಇದ್ಯಾರ ಹಿತ್ತಲಾ? ನಿಮ್ಮ ಮಾವನ ಮನೀ ಹಿಂದ ಓಣಿ ಐತಿ. ಹಿತ್ತಲಾ ಎಲ್ಲಿಂದ ತಂದ್ರಿ?"

ಖರೇ ಮಾತು. ಮಾವನ ಮನೆಗೆ ಹಿತ್ತಲೇ ಇರಲಿಲ್ಲ. ವಯಸ್ಸಾಯಿತು, ಯಾವುದೋ ಊರು ಯಾವುದಕ್ಕೋ ಬೆರೆತಿದೆ ಎಂದುಕೊಂಡೆ. ಚಿತ್ರ ಮಾತ್ರ ಚೆನ್ನಾಗಿ ಬಂದಿತ್ತು, ಹರಿಯಲು ಮನಸ್ಸಾಗಲಿಲ್ಲ.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಇಮಾಮಸಾಬರದೊಂದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟಗಳ ನಡುವೆ ನನ್ನ ಚಿತ್ರಗಳನ್ನೂ ತೂಗುಹಾಕುತ್ತಿದ್ದರು. ಕೊಳ್ಳುವವರು ಇರಲಿಲ್ಲ. "ಮಾಸ್ತರ, ಈ ಗುಡ್ಡದ ಮ್ಯಾಲೆ ಒಂದು ಲಕ್ಷ್ಮೀ ನಿಂದರಸ್ರಿ, ನಾಳೆನ ಮಾರಿ ಹೋಗ್ತೈತಿ" ಎಂದು ಕಾಡುತ್ತಿದ್ದರು. ಈ ಹಿತ್ತಲಿನ ಚಿತ್ರವನ್ನೂ ಅಲ್ಲಿ ಕೊಟ್ಟು ಮರೆತಿದ್ದೆ.

ದಸರೆ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಆ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ನವಲೂರಿನ ಗಂಗವ್ವ ಎಂಬ ಹೆಣ್ಣುಮಗಳು ಬಂದಳು. ಪೇರಲಹಣ್ಣು ಮಾರಲು ಪೇಟೆಗೆ ಬರುವಾಕೆ, ಇಮಾಮಸಾಬರಿಗೆ ಪರಿಚಯ. ಬುಟ್ಟಿ ಇಳಿಸಿ, ಸೆರಗಿನೊಳಗಿಂದ ಒಂದು ಫೋಟೋ ತೆಗೆದುಕೊಟ್ಟಳು. ಸಿಪಾಯಿ ಉಡುಪಿನ ಹುಡುಗ. ಅವಳ ತಮ್ಮ ಮಲ್ಲಪ್ಪ.

ಕೇಳದೆಯೇ ಹೇಳಿಕೊಂಡಳು. ತಾಯಿ ಸತ್ತ ಮೇಲೆ ತಮ್ಮನನ್ನು ಎತ್ತಿ ಆಡಿಸಿದವಳು ಇವಳೇ. ಕೆಲಸವಿಲ್ಲದೆ ತಿರುಗುತ್ತಾನೆ ಎಂದು ಒಂದು ದಿನ ಬಾಯಿಗೆ ಬಂದದ್ದು ಅಂದಿದ್ದಾಳೆ. "ಈ ಮನೀಗೆ ಬರಬ್ಯಾಡ ಅಂದೆನ್ರಿ. ಅವ ಹಿತ್ತಲ ಬಾಗಲದಾಗ ನಿಂತು, ಹೋಗ್ತೇನಿ ಅಂದ. ಬರ್ತೇನಿ ಅನ್ನಲಿಲ್ಲ." ಹೋದವನು ಪಲ್ಟಣ ಸೇರಿ, ಗೆಳೆಯನ ಕೈಯಲ್ಲಿ ಈ ಫೋಟೋ ಕಳಿಸಿ ಹಡಗು ಹತ್ತಿದ್ದ. ಆಮೇಲೆ ಸುದ್ದಿಯಿಲ್ಲ. ಅವನ ಜೊತೆಯವರು ಯಾರೂ ಉಳಿದಿಲ್ಲ ಎಂದು ಊರಿಗೆ ಮಾತು ಬಂದಿತ್ತು. ಕಟ್ಟು ಹಾಕಿಸು, ಮುಂದಿನ ಕಾರ್ಯ ಮಾಡು, ಅವನ ಜೀವಕ್ಕೂ ನೆಲೆ ಸಿಗಲಿ ಎಂದು ಬಳಗದವರು ಬೆನ್ನುಹತ್ತಿದ್ದರು.

ಇಮಾಮಸಾಬರು ಫೋಟೋದ ಅಳತೆ ತೆಗೆದು, ಎಲ್ಲರನ್ನೂ ಕೇಳುವಂತೆ ಮೆಲ್ಲಗೆ ಕೇಳಿದರು, "ಹಾರಕ್ಕ ಮೊಳಿ ಹೊಡೀಲೇನವಾ?"

ಬದುಕಿದ್ದವರ ಫೋಟೋಕ್ಕೆ ಆ ಮೊಳೆ ಬೇಡ. ಅದಕ್ಕೆ ಹೂಂ ಅನ್ನಲೆಂದೇ ಗಂಗವ್ವ ಬಂದಿದ್ದು. ಅನ್ನಲಾರದೆ ಮುಖ ಆಚೆ ತಿರುಗಿಸಿದಳು. ಆ ಕಡೆ ಗೋಡೆಯ ಮೇಲೆ ನನ್ನ ಚಿತ್ರವಿತ್ತು.

"ಇದು ನಮ್ಮ ಹಿತ್ತಲಾ," ಅಂದಳು.

ಹಿತ್ತಲುಗಳೆಲ್ಲ ಒಂದೇ ತರಹ ಇರುತ್ತವೆ ಎಂದೆ. ಅವಳು ಹತ್ತಿರ ಹೋಗಿ ಬೀಸುಕಲ್ಲಿನ ಮೇಲೆ ಬೆರಳಿಟ್ಟಳು. ಬಿಳಿ ಚುಕ್ಕೆಯ ಮೇಲೆ. "ಈ ತೂತಿನ್ಯಾಗ ನನ್ನ ಕಾಲ್ಬೆರಳು ಸಿಕ್ಕು ಉಗುರು ಕಿತ್ತಿತ್ತು. ಮರುದಿನಾನ ಮಲ್ಲ್ಯಾ ಸುಣ್ಣಾ ತುಂಬಿದಾ. ನಿಮಗ ಹ್ಯಾಂಗ ಗೊತ್ತು? ಅವ ನಿಮಗೆಲ್ಲಿ ಸಿಕ್ಕಿದ್ದ, ಹೇಳ್ರಿ ಮಾಸ್ತರ. ಅವ ಹೋದಾಗಿಂದ ನಾ ಈ ಬಾಗಲಾ ಹಾಕಿಲ್ಲ. ಅದೂ ಬರದೀರಿ."

ನಾನು ಅವಳ ತಮ್ಮನನ್ನು ಕಂಡವನಲ್ಲ. ಹುಬ್ಬಳ್ಳಿಯ ರೈಲು ದಾರಿಯಲ್ಲೇ ಸಿಗುವ ಊರಾದರೂ ನವಲೂರಿನಲ್ಲಿ ಇಳಿದವನೂ ಅಲ್ಲ. ಎಷ್ಟು ಹೇಳಿದರೂ ಅವಳು ನಂಬಲಿಲ್ಲ, ಏನೋ ಮುಚ್ಚಿಡುತ್ತಿದ್ದೇನೆ ಎಂದೇ ನನ್ನ ಮುಖ ನೋಡುತ್ತಿದ್ದಳು. ಆ ನೋಟ ತಾಳಲಾರದೆ, ಬರೆಯುತ್ತಿದ್ದಾಗ ಬೆನ್ನ ಹಿಂದೆ ಕೇಳಿದ ದನಿಯ ಸಂಗತಿ ಹೇಳಿಬಿಟ್ಟೆ.

"ಏನಂದಾ? ಹೋಗ್ತೇನಿ ಅನ್ನಲಿಲ್ಲಲ್ರಿ?"

"ಇಲ್ಲವಾ. ಬರ್ತೇನ್ರಿ ಅಂದಾ."

ಅವಳು ಅಲ್ಲಿಯೇ ಕುಸಿದು ಕೂತು ಅತ್ತಳು. ಅತ್ತು ಮುಗಿಸಿ ಎದ್ದಾಗ ಬೇರೆಯೇ ಹೆಂಗಸು. ಇಮಾಮಸಾಬರ ಕೈಯಿಂದ ಫೋಟೋ ತೆಗೆದುಕೊಂಡಳು. "ಕಟ್ಟು ಬ್ಯಾಡ ಕಾಕಾ. ಬರಾವ್ನ ಫೋಟೋಕ್ಕ ಹಾರ ಯಾಕ?" ಚಿತ್ರ ಒಯ್ಯಲು ಹೇಳಿದೆ. "ನಮ್ಮ ಹಿತ್ತಲಾ ನಮ್ಮ ಮನ್ಯಾಗ ಐತಲ್ರಿ" ಎಂದು ನಕ್ಕಳು. ಬುಟ್ಟಿಯಲ್ಲಿನ ಒಳ್ಳೆಯ ಹಣ್ಣುಗಳನ್ನು ಆರಿಸಿ ನನ್ನ ಮುಂದಿಟ್ಟು, ಬುಟ್ಟಿ ಹೊತ್ತು, "ಬರ್ತೇನ್ರಿ" ಎಂದಳು.

ಆಗಲೇ ನನಗೆ ಹೊಳೆದದ್ದು. ಇದು ಹೊರಟವರ ಮಾತು. ಬರುವವರದೂ ಇದೇ ಮಾತು, ಕಡೆಯ ಸಲ ಹೇಳಿಹೋಗಲು ಬಂದವರದೂ ಇದೇ. ಅವಳನ್ನು ಕೂಗಬೇಕೆಂದು ಬಾಯಿ ತೆರೆದೆ. ಕೂಗಿ ಏನೆಂದು ಹೇಳಲಿ? ಅಷ್ಟರಲ್ಲಿ ಅವಳು ಬೈಲಿನ ಗದ್ದಲದೊಳಗೆ ಸೇರಿಹೋಗಿದ್ದಳು.

ರೈಲಿನ ಕಿಟಕಿಯಿಂದ ನೋಡಿರಬೇಕು ಎಂದು ಹೆಂಡತಿ ಅಂದಳು. ಅದನ್ನೂ ಒರೆಗೆ ಹಚ್ಚಲು ಒಂದು ದಿನ ನವಲೂರಿಗೆ ಹೋದೆ. ಗಂಗವ್ವನ ಮನೆ ಊರಿನ ಆಚೆಯ ಅಂಚಿಗೆ, ರೈಲಿನ ಹಳಿಯಿಂದ ಕಾಣುವುದಿಲ್ಲ. ಹಿಂದಿನ ಸಂದಿಯ ಮೂಲೆಗೆ ನಿಂತಾಗ ಗೋಡೆ ಕಂಡಿತು, ಅರ್ಧ ತೆರೆದ ಗಿಡ್ಡ ಬಾಗಿಲೂ ಕಂಡಿತು. ಮುಂದೆ ಹೋಗಿ ಕಲ್ಲು ನೋಡುವ ಧೈರ್ಯವಾಗಲಿಲ್ಲ. ಅಲ್ಲಿಂದಲೇ ತಿರುಗಿ ಬಂದೆ.

ಯುದ್ಧ ಮುಗಿಯಿತು. ಬರುವವರು ಬಂದರು. ಮಲ್ಲಪ್ಪ ಬರಲಿಲ್ಲ, ಸತ್ತನೆಂಬ ಕಾಗದವೂ ಬರಲಿಲ್ಲ. ನಾನು ಅಂದು ಬಾಯಿ ಬಿಡದಿದ್ದರೆ ಗಂಗವ್ವ ಹಾರ ಹಾಕಿ, ಅತ್ತು, ಆ ಬಾಗಿಲಿಗೆ ಅಗಳಿ ಹಾಕಿಕೊಂಡು ನಿದ್ದೆ ಮಾಡುತ್ತಿದ್ದಳೇನೋ. ಅವಳಿಗೆ ತಮ್ಮನ ಮಾತು ತಲುಪಿಸಿದೆನೋ, ಅವಳ ಅಳುವನ್ನೇ ಕಸಿದುಕೊಂಡೆನೋ, ನನಗೆ ಇವತ್ತಿಗೂ ತಿಳಿಯದು. ದನಿ ಯಾರದು, ಆ ಹಿತ್ತಲು ನನ್ನ ಕೈಗೆ ಹೇಗೆ ಬಂತು, ಅದೂ ತಿಳಿಯದು. ಪೇರಲದ ದಿನಗಳಲ್ಲಿ ಅವಳು ಇಮಾಮಸಾಬರ ಅಂಗಡಿಗೆ ಬಂದು, "ಮಾಸ್ತರಿಗೆ ಮತ್ತೇನರ ಕೇಳಿಸೇತೇನು?" ಎಂದು ವಿಚಾರಿಸುತ್ತಾಳಂತೆ. ಇಲ್ಲ ಎಂದು ಹೇಳಿ ಕಳಿಸುತ್ತೇನೆ.

ಈಗ ನಾನು ಬರೆಯುವಾಗ ಬೆನ್ನ ಹಿಂದೆ ಯಾರಾದರೂ "ಬರ್ತೇನ್ರಿ" ಅಂದರೆ, ಕೈಯಲ್ಲಿನ ಬಣ್ಣ ಒಣಗಿದರೂ ಸರಿ, ತಿರುಗಿ ಅವರ ಮುಖ ನೋಡುತ್ತೇನೆ. ನೆರೆಯವರು, ಹುಡುಗರು, ಹಾಲಿನವಳು, ಎಲ್ಲ ಗುರುತಿನ ಮುಖಗಳೇ. ನೋಡಬೇಕಾಗಿದ್ದ ಆ ಒಂದು ಮುಖವನ್ನು, ಒಂದು ಬಿಳಿ ಚುಕ್ಕೆ ಸರಿಬಂತೇ ಎಂದು ನೋಡುತ್ತ, ನಾನು ನೋಡದೆ ಕಳಿಸಿದೆ.