ಅಪ್ಪಯ್ಯನ ಜೀಪಿಗೆ ಪವರ್ ಸ್ಟೇರಿಂಗ್

ಗೆಳೆಯರೇ, ಇವತ್ತು ಅಪ್ಪಯ್ಯನ ಜೊತೆ ತಲ್ಲೂರಿನ ಗ್ಯಾರೇಜಿಗೆ ಹೋಗಿದ್ದೆ, ಅವರ ಹಳೇ ಜೀಪನ್ನು ಸರಿಮಾಡಿಸಲು.

ಇಪ್ಪತ್ತು ವರ್ಷ ಕೊಡಚಾದ್ರಿಗೆ ಜೀಪು ಹತ್ತಿಸಿದವರು ಅವರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ಈಗ ಡಾಕ್ಟರು, ಕೈಗೆ ಭಾರ ಬೀಳದಿದ್ದರೆ ಓಡಿಸಬಹುದು ಎಂದಿದ್ದಾರೆ. ಅಂದಿನಿಂದ ಮನೆಯಲ್ಲಿ ಗುಡ್ಡದ ಮಾತೇ ಮಾತು. ನಿದ್ದೆಯಲ್ಲೂ ಗೇರು ಹಾಕುತ್ತಾರೆ ಎನ್ನುತ್ತಾಳೆ ಅಮ್ಮ.

ಗ್ಯಾರೇಜಿನಲ್ಲಿ ಅವರು ಆರಿಸಿದ್ದು ಎಲ್ಲಕ್ಕಿಂತ ಅಗಲದ ಟೈರು.

"ಇದ್ ಹಾಕ್ರೆ ಆಕ್ಸಲ್ಲೂ ಗಟ್ಟಿದ್ ಬೇಕ್, ಸ್ಟೇರಿಂಗೂ ಭಾರ ಆತ್ತ್. ಪವರ್ ಸ್ಟೇರಿಂಗ್ ಹಾಕುವನಾ ಅಣ್ಣಾ?" ಎಂದ ಮೇಸ್ತ್ರಿ.

"ಎಂತಕ್ಕೆ? ನಂಗೆಂತ ಕೈ ಇಲ್ಯಾ?" ಅಪ್ಪಯ್ಯ ಸಿಟ್ಟಿನಿಂದ ಜೀಪು ಹತ್ತಿ ಸ್ಟೇರಿಂಗ್ ಎಳೆದರು. ಅದು ಅಲುಗಲಿಲ್ಲ. ಬಲಗೈ ಜಾರಿ ತೊಡೆಯ ಮೇಲೆ ಬಿತ್ತು. ಮೇಸ್ತ್ರಿ ಬೇರೆ ಕಡೆ ನೋಡಿದ.

"ಅಪ್ಪಯ್ಯ, ನಂಗೂ ಜೀಪ್ ಬಿಡೂಕ್ ಕಲೀಕ್. ಭಾರ ಇದ್ರೆ ನನ್ ಕೈಯಂಗ್ ಆತ್ತಿಲ್ಲ," ಎಂದೆ. ಜೀಪು ಓಡಿಸುವ ಆಸೆ ನನಗೆ ಎಂದೂ ಇರಲಿಲ್ಲ.

ಅವರು ನನ್ನನ್ನೊಮ್ಮೆ ನೋಡಿ ಮೇಸ್ತ್ರಿಯತ್ತ ತಿರುಗಿದರು. "ಹಂಗಾರೆ ಹಾಕ್ ಮಾರಾಯ. ಹೆಣ್ಣಿಗ್ ಕಷ್ಟ ಆಪುದ್ ಬ್ಯಾಡ," ಎಂದರು. ಆಮೇಲೆ ಎಡಗೈಯಿಂದ ಬಲಗೈಯನ್ನೆತ್ತಿ ಸ್ಟೇರಿಂಗ್ ಮೇಲಿಟ್ಟು, ಮೂಡು ದಿಕ್ಕಿನ ಗುಡ್ಡಸಾಲು ನೋಡುತ್ತ ಬಹಳ ಹೊತ್ತು ಅಲ್ಲೇ ಕುಳಿತಿದ್ದರು.

ಜೀಪನ್ನು ಅಲ್ಲೇ ಬಿಟ್ಟು ಬರುವಾಗ ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ, ಈಗಿನ ಹುಡುಗಿಯರ ತೋಳಲ್ಲಿ ಬಲವೇ ಇಲ್ಲ ಎಂದು ಹೇಳಿದ್ದೇ ಹೇಳಿದ್ದು. ಜೀಪು ಬಂದ ಮರುದಿನವೇ ನನಗೆ ಪಾಠ ಶುರುವಂತೆ, ಬೆಳಿಗ್ಗೆ ಐದಕ್ಕೆ. ನಾನು ಏಳುವುದೇ ಎಂಟಕ್ಕೆ.