ಮಧ್ಯಾಹ್ನವೇ ಅಚ್ಚಾದ ನ್ಯೂ ಹ್ಯಾಂಪ್‌ಶೈರ್

೨೦೦೮ರ ಜನವರಿಯಲ್ಲಿ ನಾನು ಕತಾರಿನ ದೋಹಾದಲ್ಲಿ ಒಂದು ಇಂಗ್ಲಿಷ್ ದಿನಪತ್ರಿಕೆಯ ವಿದೇಶ ಸುದ್ದಿ ವಿಭಾಗದ ಮುಖ್ಯಸ್ಥನಾಗಿದ್ದೆ. ಅದಕ್ಕೆ ಮೊದಲು ಬೆಂಗಳೂರಿನ ಸುದ್ದಿಸಂಸ್ಥೆಯೊಂದರಲ್ಲಿ ಟೆಲಿಪ್ರಿಂಟರಿನ ಕಾಲದಿಂದ ದುಡಿದವನು. ಅಲ್ಲಿನ ಹಿರಿಯರು ನನಗೆ ಮೂರು ಅಭ್ಯಾಸ ಕಲಿಸಿದ್ದರು. ಬೆಳಿಗ್ಗೆ ಐದಕ್ಕೆ ಏಳಬೇಕು, ಪುಟವನ್ನು ಹೇಳಿದ ಹೊತ್ತಿಗೆ ಮುಗಿಸಿ ಅಚ್ಚಿಗೆ ಕಳಿಸಬೇಕು, ಆಗದೇ ಇರುವುದನ್ನು ಆಯಿತೆಂದು ಬರೆಯಬಾರದು. ಮೊದಲೆರಡು ನನ್ನ ಕೈಯಲ್ಲಿದ್ದವು. ಮೂರನೆಯದು ಯಾವಾಗಲೂ ನನ್ನ ಕೈಯಲ್ಲಿರುವುದಿಲ್ಲ ಎಂದು ಆ ಜನವರಿಯಲ್ಲಿ ತಿಳಿಯಿತು.

ನನ್ನ ವಿಭಾಗದಲ್ಲಿ ಹರೀಶ್ ಬಂಗೇರ ಎಂಬ ಉಪಸಂಪಾದಕನಿದ್ದ. ಮೂಲ್ಕಿ ಕಡೆಯವನು, ಮನೆಮಾತು ತುಳು. ದೋಹಾದ ಬಿನ್ ಒಮ್ರಾನ್ ಬಡಾವಣೆಯಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ ಹಂಚಿಕೊಂಡಿದ್ದ. ಹೆಂಡತಿ ಶ್ವೇತಾ ಮತ್ತು ಮೂರು ವರ್ಷದ ಮಗಳು ಊರಲ್ಲಿದ್ದರು. ಅವರನ್ನು ಕರೆಸಿಕೊಳ್ಳಲು ಫ್ಯಾಮಿಲಿ ವೀಸಾ ಬೇಕು. ಅದು ಹುದ್ದೆ ಮತ್ತು ಸಂಬಳ ನೋಡಿ ಸಿಗುವಂಥದ್ದು, ಉಪಸಂಪಾದಕನಿಗೆ ದಕ್ಕುತ್ತಿರಲಿಲ್ಲ. ಹಿರಿಯ ಉಪಸಂಪಾದಕನಾದರೆ ಸಿಗುತ್ತಿತ್ತು. ಬಡ್ತಿಗೆ ಅವನ ಹೆಸರನ್ನು ನಾನು ಡಿಸೆಂಬರಿನಲ್ಲೇ ಶಿಫಾರಸು ಮಾಡಿದ್ದೆ. ಆಡಳಿತದ ಸಹಿಯೊಂದು ಬಾಕಿಯಿತ್ತು. ಹರೀಶ ಆಗಲೇ ಬಿನ್ ಒಮ್ರಾನಿನಲ್ಲೇ ಒಂದು ಸಣ್ಣ ಫ್ಲ್ಯಾಟ್ ನೋಡಿಟ್ಟಿದ್ದ.

"ಸರ್, ಅಲ್ಲಿ ವಿಂಡೋ ಎ.ಸಿ. ಉಂಟು. ಲಾರಿ ಸ್ಟಾರ್ಟ್ ಮಾಡಿದ ಹಾಗೆ ಶಬ್ದ. ಮಗು ಹೆದರ್ತದಾ?" ಎಂದು ಒಂದು ದಿನ ಕೇಳಿದ.

"ಎರಡು ದಿನ ಹೆದರುತ್ತೆ. ಆಮೇಲೆ ಅದಿಲ್ಲದೆ ನಿದ್ದೆ ಬರಲ್ಲ" ಎಂದೆ. ನನ್ನ ಮಕ್ಕಳು ಹಾಗೆಯೇ ಬೆಳೆದವರು. ಅವನು ಆ ಉತ್ತರವನ್ನು ಅಂದೇ ಊರಿಗೆ ಫೋನ್ ಮಾಡಿ ಹೇಳಿದನಂತೆ.

ಆ ವರ್ಷ ಅಮೆರಿಕದ ಅಧ್ಯಕ್ಷರ ಚುನಾವಣೆ. ಅಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಪಕ್ಷದ ಹೈಕಮಾಂಡ್ ತೀರ್ಮಾನಿಸುವುದಿಲ್ಲ. ಒಂದೊಂದೇ ರಾಜ್ಯದಲ್ಲಿ ಜನರೇ ಓಟು ಹಾಕಿ, ತಮ್ಮ ಪರವಾದ ಪ್ರತಿನಿಧಿಗಳನ್ನು ಪಕ್ಷದ ಮಹಾಸಭೆಗೆ ಕಳಿಸುತ್ತಾರೆ. ಈ ಓಟಿಗೆ ಪ್ರೈಮರಿ ಎನ್ನುತ್ತಾರೆ. ಸ್ವಾರಸ್ಯವೆಂದರೆ ಮೊದಲು ಓಟು ಹಾಕುವವು ಸಣ್ಣ ರಾಜ್ಯಗಳು. ಡೆಮಾಕ್ರಟಿಕ್ ಪಕ್ಷದ ಮಹಾಸಭೆಗೆ ಬರುವ ಪ್ರತಿನಿಧಿಗಳು ನಾಲ್ಕು ಸಾವಿರಕ್ಕೂ ಹೆಚ್ಚು. ಅದರಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಿಂದ ಹಂಚಿಕೆಯಾಗುವವರು ಇಪ್ಪತ್ತೆರಡು ಮಂದಿ. ಲೆಕ್ಕಕ್ಕೇ ಬಾರದ ಸಂಖ್ಯೆ. ಆದರೂ ಅಲ್ಲಿ ಗೆದ್ದವರ ಕಡೆಗೆ ಹಣ ಹರಿಯುತ್ತದೆ, ಕ್ಯಾಮೆರಾಗಳು ತಿರುಗುತ್ತವೆ, ಸೋತವರ ಬೆಂಬಲಿಗರು ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ. ಆ ರಾಜ್ಯ ಕೊಡುವುದು ಒಂದು ಸೂಚನೆಯನ್ನು. ಉಳಿದವರೆಲ್ಲ ಆ ಸೂಚನೆಯನ್ನು ನಂಬಿ ನಡೆದುಕೊಳ್ಳುವುದರಿಂದ ಅದು ಎಷ್ಟೋ ಸಲ ನಿಜವೂ ಆಗಿಬಿಡುತ್ತದೆ.

ಆ ಸಲ ಡೆಮಾಕ್ರಟಿಕ್ ಪಕ್ಷದಲ್ಲಿ ಪೈಪೋಟಿ ಮುಖ್ಯವಾಗಿ ಇಬ್ಬರು ಸೆನೆಟರುಗಳ ನಡುವೆ. ಒಬ್ಬರು, ಗೆಲ್ಲುತ್ತಾರೆಂದು ಎಲ್ಲರೂ ಮೊದಲಿನಿಂದ ಹೇಳುತ್ತಿದ್ದ ಮಹಿಳೆ, ಇನ್ನೊಬ್ಬರು ವಯಸ್ಸಿನಲ್ಲಿ ಕಿರಿಯ ಕಪ್ಪು ಸೆನೆಟರ್. ಜನವರಿ ೩ರಂದು ಅಯೋವಾ ರಾಜ್ಯದಲ್ಲಿ ಕಿರಿಯರು ಗೆದ್ದು, ಮಹಿಳೆ ಮೂರನೇ ಸ್ಥಾನಕ್ಕೆ ಇಳಿದರು. ಐದೇ ದಿನದಲ್ಲಿ ನ್ಯೂ ಹ್ಯಾಂಪ್‌ಶೈರ್. ಅಲ್ಲಿಯೂ ಕಿರಿಯರೇ ಎಂದು ಸಮೀಕ್ಷೆಗಳು ಹೇಳಿದವು. ನಾನೂ ಹಾಗೆಯೇ ಎಣಿಸಿದ್ದೆ, ಹರೀಶನೂ ಹಾಗೆಯೇ ಎಣಿಸಿದ್ದ.

ಇನ್ನು ನಮ್ಮ ಅಚ್ಚಿನ ಪದ್ಧತಿ. ನಮ್ಮಲ್ಲಿದ್ದದ್ದು ಒಂದೇ ಮುದ್ರಣಯಂತ್ರ. ರಾತ್ರಿ ಅದರಲ್ಲಿ ಮುಖ್ಯ ಪತ್ರಿಕೆ ಅಚ್ಚಾಗಬೇಕಾದ್ದರಿಂದ ಬುಧವಾರದ ಪುರವಣಿಯನ್ನು ಮಂಗಳವಾರ ಮಧ್ಯಾಹ್ನವೇ ಅಚ್ಚು ಹಾಕಿ ಕಟ್ಟಿ ಇಡುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಅಚ್ಚಿನ ಪ್ಲೇಟ್ ಯಂತ್ರಕ್ಕೆ ಹೋದರೆ ಆ ಪುಟವನ್ನು ಯಾರೂ ಮುಟ್ಟುವಂತಿಲ್ಲ. ಆದ್ದರಿಂದ ಮಧ್ಯಾಹ್ನದ ಪುಟದಲ್ಲಿ ಫಲಿತಾಂಶ ಬರೆಯಬಾರದೆಂಬುದು ನನ್ನ ವಿಭಾಗದ ನಿಯಮ. ಒಂದು ಸಣ್ಣ ರಾಜ್ಯ ಅಧ್ಯಕ್ಷ ಪದವಿಯ ದಾರಿಯನ್ನು ಹೇಗೆ ತೋರಿಸುತ್ತದೆ ಎಂಬ ಬಗ್ಗೆ ಒಂದು ಪೂರ್ತಿ ಪುಟ ಬರೆಯಲು ಹರೀಶನಿಗೆ ಕೊಟ್ಟಿದ್ದೆ. ಬಡ್ತಿಯ ಹೊತ್ತಿಗೆ ಮೇಲಿನವರ ಕಣ್ಣಿಗೆ ಬೀಳಲಿ ಎಂಬುದೂ ನನ್ನ ಮನಸ್ಸಿನಲ್ಲಿತ್ತು. ಅವನು ಚೆನ್ನಾಗಿಯೇ ಬರೆದ. ಹಿಂದೆ ಈ ರಾಜ್ಯ ಕೊಟ್ಟ ಸೂಚನೆ ನಿಜವಾದ ಸಂದರ್ಭಗಳು, ಸುಳ್ಳಾದ ಸಂದರ್ಭಗಳು ಎರಡನ್ನೂ ಕೊಟ್ಟಿದ್ದ. ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯಿತ್ತು.

ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಮ್ಯಾನೇಜಿಂಗ್ ಎಡಿಟರ್ ಶ್ರೀಧರ್ ಪುಟ ನೋಡಲು ಬಂದರು. ಬೆಂಗಳೂರಿನವರು, ನನಗಿಂತ ಹತ್ತು ವರ್ಷ ಚಿಕ್ಕವರು, ಚುರುಕು. ಯಾವ ಪುಟವನ್ನಾದರೂ ಬದಲಿಸುವ ಅಧಿಕಾರ ಅವರಿಗಿತ್ತು.

"ಏನ್ರೀ ಇದು, ಹೆಡ್‌ಲೈನ್‌ನಲ್ಲಿ ಪ್ರಶ್ನೆ? ಉತ್ತರ ಹೇಳೋಕಲ್ವಾ ಜನ ಪೇಪರ್ ತಗೊಳ್ಳೋದು?"

"ಅಲ್ಲಿ ಇನ್ನೂ ಬೆಳಗೇ ಆಗಿಲ್ಲ, ಶ್ರೀಧರ್. ಓಟು ಹಾಕೋರು ಹಾಸಿಗೆಯಲ್ಲಿದ್ದಾರೆ" ಎಂದೆ.

"ಎಲ್ಲಾ ಸಮೀಕ್ಷೆನೂ ಒಂದೇ ಹೇಳ್ತಿದೆ. ನಾಳೆ ಬೆಳಿಗ್ಗೆ ಊರಿಗೆಲ್ಲ ಗೊತ್ತಾಗಿರೋದನ್ನ ನಾವು ಪ್ರಶ್ನೆ ಕೇಳ್ಕೊಂಡು ಕೂತಿದ್ರೆ ನಗಲ್ವಾ?" ಎಂದವರು ಕುರ್ಚಿ ಎಳೆದುಕೊಂಡು ಕೂತು ಶೀರ್ಷಿಕೆಯನ್ನು ತಾವೇ ಟೈಪ್ ಮಾಡಿದರು. 'ಎರಡಕ್ಕೆ ಎರಡು: ಪುಟ್ಟ ರಾಜ್ಯ ತೆರೆದ ಶ್ವೇತಭವನದ ಬಾಗಿಲು' ಎಂಬರ್ಥದ ಇಂಗ್ಲಿಷ್ ಸಾಲು. ಬರಹದ ಮೊದಲ ವಾಕ್ಯವನ್ನೂ ಅದಕ್ಕೆ ಹೊಂದಿಸಿದರು. ಸೂಚನೆ ಸುಳ್ಳಾದ ಸಂದರ್ಭಗಳ ಪ್ಯಾರಾವನ್ನು ಜಾಗ ಸಾಲದೆಂದು ತೆಗೆದರು.

ಹರೀಶ ಹಿಂದೆ ನಿಂತಿದ್ದ. "ಸರ್, ಹಾಗಾದ್ರೆ ನನ್ನ ಹೆಸರು ತೆಗೆದು ಬಿಡುವನಾ?" ಎಂದು ಮೆಲ್ಲಗೆ ಕೇಳಿದ.

ಶ್ರೀಧರ್ ನಕ್ಕು ಅವನ ಬೆನ್ನು ತಟ್ಟಿದರು. "ಯಾಕಪ್ಪಾ, ಪ್ರಮೋಷನ್ ಬೇಡ್ವಾ? ಇಂಥ ಪುಟ ನೋಡಿಯೇ ಅಲ್ವಾ ಮೇಲಿನವರು ಸಹಿ ಹಾಕೋದು? ಯಲ್ಲಾ, ನಡೀರಿ, ಕಳ್ಸಿ."

ಹರೀಶ ನನ್ನ ಮುಖ ನೋಡಿದ. ನನ್ನ ಆಕ್ಷೇಪವನ್ನು ಇನ್ನೊಮ್ಮೆ ಎಲ್ಲರೆದುರು ಹೇಳಿದೆ. ಶ್ರೀಧರ್ "ನೋಟೆಡ್ ಸರ್" ಎಂದು ನಗುತ್ತಲೇ ಹೊರಟರು. ಎರಡಕ್ಕೆ ಪ್ಲೇಟ್ ಹೋಯಿತು.

ಬುಧವಾರ ಐದಕ್ಕೆ ಎದ್ದು ಟಿ.ವಿ. ಹಾಕಿದೆ. ನ್ಯೂ ಹ್ಯಾಂಪ್‌ಶೈರಿನಲ್ಲಿ ಎಣಿಕೆ ನಡೆಯುತ್ತಿತ್ತು. ಮಹಿಳೆ ಮುಂದಿದ್ದರು. ಸ್ವಲ್ಪವೇ ಮುಂದೆ, ಆದರೆ ಆ ಸ್ವಲ್ಪ ಕರಗುತ್ತಿರಲಿಲ್ಲ. ನಿರೂಪಕರು ಇನ್ನೂ ನಗರಗಳ ಓಟು ಬರಬೇಕು, ವಿಶ್ವವಿದ್ಯಾಲಯದ ಊರು ಬರಬೇಕು ಎನ್ನುತ್ತಿದ್ದರು. ನಾನು ಅಚ್ಚುಕೂಟದ ಫೋರ್‌ಮನ್ ಯೂಸುಫ್‌ಗೆ ಫೋನ್ ಮಾಡಿದೆ. ಉಳ್ಳಾಲದ ಬ್ಯಾರಿ, ಹಳೆಯ ಗೆಳೆಯ.

"ಯೂಸುಫ್, ಪುರವಣಿ ಇನ್ನೂ ಅಲ್ಲೇ ಇದೆಯಾ?"

"ಎಂತ ಪುರವಣಿ ಮಾರಾಯ್ರೆ! ನಿನ್ನೆಯೇ ಕಟ್ಟಿ ಆಯ್ತಲ್ಲ. ಪೇಪರ್ ಒಳಗೆ ಸೇರಿಸಿ ವ್ಯಾನಿಗೆ ಹಾಕಿ ಆಯ್ತು. ಮೆಸಯೀದ್ ದೂರ ಅಲ್ಲವಾ, ಆ ವ್ಯಾನ್ ಮೊದಲೇ ಹೋಯ್ತು."

"ಊರೊಳಗಿನದ್ದಾದರೂ ನಿಲ್ಲಿಸೋಕೆ ಆಗುತ್ತಾ?"

"ಖಲಾಸ್ ಸಾರ್. ಇನ್ನು ಮನೆಮನೆಗೆ ಹೋಗಿ ಹೆಕ್ಕಿಕೊಂಡು ಬರಬೇಕಷ್ಟೆ. ಯಾಕೆ, ಫೋಟೋ ಉಲ್ಟಾ ಬಂತಾ?"

"ಫೋಟೋ ಸರಿಯಾಗಿದೆ" ಎಂದು ಫೋನಿಟ್ಟೆ. ಬಾಗಿಲ ಹೊರಗೆ ನನ್ನ ಮನೆಯ ಪತ್ರಿಕೆಯೂ ಬಂದು ಬಿದ್ದಿತ್ತು. ಮುಖಪುಟದಲ್ಲಿ ಮತದಾನ ಮುಂದುವರಿದಿದೆ ಎಂಬ ಸುದ್ದಿ, ಒಳಗಿನ ಪುರವಣಿಯಲ್ಲಿ ಕಿರಿಯರ ಗೆಲುವು. ಆರೂವರೆಯ ಹೊತ್ತಿಗೆ ಮಹಿಳೆ ಗೆದ್ದರೆಂದು ಟಿ.ವಿ. ಘೋಷಿಸಿತು. ಹತ್ತಿರದ ಗೆಲುವು, ನೂರಕ್ಕೆ ಮೂರು ಓಟಿನ ಅಂತರವೂ ಇಲ್ಲ. ಪ್ರತಿನಿಧಿಗಳ ಹಂಚಿಕೆಯಲ್ಲಂತೂ ಗೆದ್ದವರಿಗೂ ಸೋತವರಿಗೂ ತಲಾ ಒಂಬತ್ತು ಬಂದವು, ಉಳಿದ ನಾಲ್ಕು ಮೂರನೆಯವರೊಬ್ಬರಿಗೆ. ಲೆಕ್ಕದಲ್ಲಿ ಸಮ. ಆದರೂ ಜಗತ್ತು ಒಬ್ಬರು ಸತ್ತು ಬದುಕಿದರೆಂದೂ ಇನ್ನೊಬ್ಬರ ಗಾಳಿ ಇಳಿಯಿತೆಂದೂ ಹೇಳಿತು.

ಕಚೇರಿಯಲ್ಲಿ ಫೋನುಗಳು ಶುರುವಾಗಿದ್ದವು. ಮೆಸಯೀದಿನ ಒಬ್ಬ ಅಮೆರಿಕನ್ ಎಂಜಿನಿಯರ್ ಫೋನ್ ಮಾಡಿ, ನಿಮ್ಮಲ್ಲಿ ಓಟು ಹಾಕುವ ಮೊದಲೇ ಎಣಿಸುವ ಯಂತ್ರವಿದೆಯೇ ಎಂದು ನಕ್ಕ. ಅವನ ನಗು ಪರವಾಗಿಲ್ಲ. ಪತ್ರಿಕೆಯ ಮಾಲೀಕರಿಗೆ ಯಾರೋ ಒಂದು ಔತಣದಲ್ಲಿ ಅದೇ ತಮಾಷೆ ಹೇಳಿದರಂತೆ, ಅದು ಹಾಗೆ ಬಿಡುವಂಥ ವಿಷಯವಾಗಿರಲಿಲ್ಲ. ಭಾನುವಾರ ಆಡಳಿತಾಧಿಕಾರಿಯ ಕೋಣೆಗೆ ನನ್ನನ್ನೂ ಶ್ರೀಧರ್ ಅವರನ್ನೂ ಕರೆಸಿದರು.

ಆಡಳಿತಾಧಿಕಾರಿ ವಯಸ್ಸಾದ ಅರಬ್ ಸಜ್ಜನ. ಕಾಫಿ ತರಿಸಿದರು. ಪುರವಣಿಯನ್ನು ಮೇಜಿನ ಮೇಲೆ ಬಿಡಿಸಿ ಹೆಸರಿನ ಮೇಲೆ ಬೆರಳಿಟ್ಟು, "ಈ ಹುಡುಗನಿಗೆ ಅಲ್ಲವೇ ಬಡ್ತಿ ಕೇಳಿರುವುದು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಶೀರ್ಷಿಕೆ ಅವನದಲ್ಲ, ಮೊದಲ ವಾಕ್ಯ ಅವನದಲ್ಲ, ನಾನು ಆಕ್ಷೇಪಿಸಿದ್ದೆ, ಅವನು ತನ್ನ ಹೆಸರು ತೆಗೆಯಲು ಕೇಳಿದ್ದ ಎಂದು ನಡೆದದ್ದನ್ನು ಕ್ರಮವಾಗಿ ಹೇಳಿದೆ. ಅವರು ಶ್ರೀಧರ್ ಕಡೆ ತಿರುಗಿದರು.

"ನಾನು ಶೀರ್ಷಿಕೆ ಸೂಚಿಸಿದ್ದು ನಿಜ" ಎಂದರು ಶ್ರೀಧರ್. "ಆದರೆ ಪುಟದ ಹೊಣೆ ಬರೆದವನದು. ತಪ್ಪೆನಿಸಿದ್ದರೆ ಗಟ್ಟಿಯಾಗಿ ಹೇಳಬೇಕಿತ್ತು."

ಆ ಹಿರಿಯರು ನನ್ನನ್ನು ನಂಬಿದರೆಂದೇ ನನ್ನ ಎಣಿಕೆ. ಆದರೆ ಮಾಲೀಕರಿಗೆ ಒಂದು ಉತ್ತರ ಕೊಡಬೇಕಿತ್ತು, ಆ ಉತ್ತರ ಮ್ಯಾನೇಜಿಂಗ್ ಎಡಿಟರ್ ಆಗುವಂತಿರಲಿಲ್ಲ. "ಮಾಫಿ ಮುಷ್ಕಿಲ್, ತೊಂದರೆಯಿಲ್ಲ, ಕೆಲಸ ಹೋಗುವುದಿಲ್ಲ" ಎಂದರು. "ಬಡ್ತಿ ಮುಂದಿನ ವರ್ಷ ನೋಡೋಣ." ನನ್ನ ಕಾಫಿ ಹಾಗೆಯೇ ಉಳಿಯಿತು. ಅವರು ಅದನ್ನು ಗಮನಿಸಿ, "ಕುಡಿಯಿರಿ, ತಣ್ಣಗಾಗುತ್ತದೆ" ಎಂದರು.

ನಾನು ಹೊರಗೆ ಬಂದು ಹರೀಶನಿಗೆ ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ. "ಫ್ಲ್ಯಾಟಿನವನಿಗೆ ಇವತ್ತೇ ಹೇಳಬೇಕು ಸರ್, ಪಾಪ, ಕಾಯ್ತಾ ಇದ್ದಾನೆ" ಎಂದ. ಆಮೇಲೆ, "ಶ್ವೇತಾಳಿಗೆ ಎಂತ ಹೇಳುವುದು? ಅಮೆರಿಕದಲ್ಲಿ ಒಬ್ಬರು ಗೆದ್ರು, ಅದಕ್ಕೆ ನಿಂಗೆ ವೀಸಾ ಇಲ್ಲ ಅಂತಾ?" ಎಂದು ನಕ್ಕ. ನನಗೆ ನಗಲು ಬರಲಿಲ್ಲ.

ಜನವರಿ ೨೬ಕ್ಕೆ ಸೌತ್ ಕ್ಯಾರೊಲಿನಾ. ನ್ಯೂ ಹ್ಯಾಂಪ್‌ಶೈರಿನಲ್ಲಿ ಗಾಳಿ ಇಳಿಯಿತೆನಿಸಿಕೊಂಡಿದ್ದ ಕಿರಿಯ ಸೆನೆಟರ್ ಅಲ್ಲಿ ಎದುರಾಳಿಯ ಎರಡರಷ್ಟು ಓಟು ಪಡೆದು ಗೆದ್ದರು. ಆ ಸುದ್ದಿಯನ್ನು ಪುಟಕ್ಕೆ ಹೊಂದಿಸಲು ಹರೀಶನೇ ಕೂತಿದ್ದ. ಸಂಖ್ಯೆಗಳನ್ನು ಎರಡು ಸಲ ತಾಳೆ ನೋಡಿ ನನಗೆ ಕೊಟ್ಟು, "ಒಂದು ಕಡೆ ಸೋತರೂ ಇವರಿಗೆ ಇನ್ನೊಂದು ರಾಜ್ಯ ಉಂಟಲ್ಲ ಸರ್" ಎಂದ.

ಮಾರ್ಚಿನಲ್ಲಿ ಇನ್ನೊಂದು ಪತ್ರಿಕೆಯವರು ಅವನನ್ನು ಹಿರಿಯ ಉಪಸಂಪಾದಕನಾಗಿ ಕರೆದರು. ಆದರೆ ಆಗಿನ ಕಾಯಿದೆಯಂತೆ ಹಳೆಯ ಮಾಲೀಕರ ಒಪ್ಪಿಗೆ ಪತ್ರವಿಲ್ಲದೆ ಕೆಲಸ ಬದಲಿಸುವಂತಿರಲಿಲ್ಲ. ಒಪ್ಪಿಗೆಗಾಗಿ ಆಡಳಿತಾಧಿಕಾರಿಯನ್ನು ನಾನೇ ಹೋಗಿ ಕೇಳಿದೆ. "ಒಳ್ಳೆಯ ಕೆಲಸಗಾರನನ್ನು ಪ್ರತಿಸ್ಪರ್ಧಿಗೆ ಕೊಡಲು ಆಗುವುದಿಲ್ಲ" ಎಂದರು. ಬಡ್ತಿಗೆ ಸಾಲದವನು ಬಿಡುಗಡೆಗೆ ಮಾತ್ರ ಒಳ್ಳೆಯ ಕೆಲಸಗಾರನಾಗಿದ್ದ. ಇದನ್ನೂ ಬಾಯಿಬಿಟ್ಟು ಹೇಳಿದೆ. ಅವರು ತಲೆಯಾಡಿಸಿದರು, ಒಪ್ಪಿಗೆ ಪತ್ರ ಮಾತ್ರ ಕೊಡಲಿಲ್ಲ. ಆಗಸ್ಟಿನಲ್ಲಿ ಹರೀಶನ ಒಪ್ಪಂದ ಮುಗಿಯಿತು, ಅವನು ನವೀಕರಿಸದೆ ಊರಿಗೆ ಹೊರಟ. ವಿಮಾನ ನಿಲ್ದಾಣಕ್ಕೆ ನಾನು, ಯೂಸುಫ್ ಇಬ್ಬರೂ ಹೋಗಿದ್ದೆವು. "ಮಗು ಗುರುತು ಹಿಡೀತದಾ ನೋಡ್ಬೇಕು" ಎಂದ ಹರೀಶ. "ಚಾಕೊಲೇಟ್ ಮೊದಲು ತೋರ್ಸು, ಮುಖ ಆಮೇಲೆ" ಎಂದು ಯೂಸುಫ್ ಅವನನ್ನು ಒಳಗೆ ತಳ್ಳಿದ.

ನವೆಂಬರ್ ೫ರ ಬುಧವಾರ ಬೆಳಿಗ್ಗೆ, ದೋಹಾದ ವೇಳೆಯಲ್ಲಿ, ಆ ಕಿರಿಯ ಸೆನೆಟರ್ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದ ಸುದ್ದಿ ಬಂತು. ಮರುವಾರ ಕಚೇರಿಗೆ ಹೋದಾಗ ಸ್ವಾಗತ ಕೋಣೆಯ ಗೋಡೆಯಲ್ಲಿ ಹೊಸ ಫ್ರೇಮ್ ಇತ್ತು. ಒಳಗಡೆ ಜನವರಿಯ ಅದೇ ಪುರವಣಿ ಪುಟ. ಬಂದ ಅತಿಥಿಗಳಿಗೆ ಶ್ರೀಧರ್ ಅದನ್ನು ತೋರಿಸುತ್ತಿದ್ದರು. "ನೋಡಿ, ಶ್ವೇತಭವನದ ಬಾಗಿಲು ಅಂತ ನಾವು ಜನವರಿಯಲ್ಲೇ ಹೇಳಿದ್ವಿ." ಆ ರಾಜ್ಯದಲ್ಲಿ ಆ ಸೆನೆಟರ್ ಸೋತಿದ್ದರೆಂಬುದು ಅಷ್ಟರಲ್ಲಿ ಯಾರಿಗೂ ನೆನಪಿರಲಿಲ್ಲ. ಶೀರ್ಷಿಕೆಯ ಕೆಳಗೆ ಹೆಸರು ಹಾಗೆಯೇ ಇತ್ತು, ಹರೀಶ್ ಬಂಗೇರ.

ಸಂಜೆ ಮೂಲ್ಕಿಗೆ ಫೋನ್ ಮಾಡಿದೆ. ಅವನು ಮಂಗಳೂರಿನ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಹೇಳುತ್ತಿದ್ದ. ವಿಷಯ ಹೇಳಿದೆ.

"ಫ್ರೇಮ್ ಚಂದ ಉಂಟಾ ಸರ್?"

"ಚಂದ ಇದೆ. ಗಾಜಿನದ್ದು."

"ಹಾಗಾದ್ರೆ ನಾನು ಪರ್ಮನೆಂಟ್ ಆದೆ" ಎಂದು ಜೋರಾಗಿ ನಕ್ಕ. ಹಿಂದಿನಿಂದ ಮಗಳು ಫೋನ್ ಕೊಡು ಎಂದು ಹಟ ಮಾಡುವುದು ಕೇಳಿಸಿತು.

ನಾಲ್ಕು ವರ್ಷದ ನಂತರ ನಾನು ನಿವೃತ್ತನಾದೆ. ಬೀಳ್ಕೊಡುಗೆಯ ದಿನ ನೆನಪಿಗೆ ಏನು ಬೇಕೆಂದು ಕೇಳಿದರು. ಆ ಫ್ರೇಮ್ ಕೊಡಿ, ಅದನ್ನು ಬರೆದವನಿಗೆ ತಲುಪಿಸುತ್ತೇನೆ ಎಂದೆ. ಅದು ಕಚೇರಿಯ ಆಸ್ತಿ, ಕೊಡಲು ಬರುವುದಿಲ್ಲ ಎಂದು ಒಂದು ಗಡಿಯಾರ ಕೊಟ್ಟರು.

ಒಂದು ರಾಜ್ಯದ ಓಟು ಅಭ್ಯರ್ಥಿಯ ಭವಿಷ್ಯವನ್ನು ಸೂಚಿಸಬಲ್ಲದೇ ಎಂದು ನನ್ನನ್ನು ಈಗಲೂ ಕೇಳುವವರಿದ್ದಾರೆ. ಸೂಚಿಸಬಲ್ಲದು, ತಪ್ಪಾಗಿಯೂ ಸೂಚಿಸಬಲ್ಲದು. ಅಭ್ಯರ್ಥಿಗೆ ಅದರಿಂದ ದೊಡ್ಡ ಅಪಾಯವಿಲ್ಲ, ಏಕೆಂದರೆ ಅವನ ಮುಂದೆ ಇನ್ನೂ ನಲವತ್ತೆಂಟು ರಾಜ್ಯಗಳಿರುತ್ತವೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಒಂದು ಬೆಳಗಿನ ಫಲಿತಾಂಶ ನೋಡಿ ಯಾರನ್ನಾದರೂ ಅಳೆಯುವ ಮೊದಲು, ಅವನಿಗೆ ಎರಡನೆಯ ರಾಜ್ಯ ಇದೆಯೇ ಎಂದು ಕೇಳಬೇಕು. ಹರೀಶನಿಗೆ ಇರಲಿಲ್ಲ. ಅದನ್ನು ಕೊಡುವ ಅಧಿಕಾರ ನನಗೂ ಇರಲಿಲ್ಲ.