ವಿಭೂತಿಯ ಮೇಲೆ ಮೂಡಿದ ಗೆರೆ

ಬಿರುಕು ಹುಡುಕುವುದು ನನ್ನ ಉದ್ಯೋಗವಾಗಿತ್ತು. ಪೀಣ್ಯದ ಹತ್ತಿರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ, ಎರಕ ಹೊಯ್ದು ಬಂದ ಲೋಹದ ಭಾಗಗಳನ್ನು ನೋಡಿ ಪಾಸ್ ಅಥವಾ ರಿಜೆಕ್ಟ್ ಎಂದು ಮುದ್ರೆ ಒತ್ತುತ್ತಲೇ ನಿವೃತ್ತನಾದೆ. ಕಣ್ಣಿಗೆ ಕಾಣದ ಬಿರುಕಿಗೆ ಒಂದು ಸುಲಭದ ಉಪಾಯವಿದೆ. ಭಾಗವನ್ನು ತೊಳೆದು ಒಣಗಿಸಿ ಕೆಂಪು ದ್ರವ ಬಳಿಯಬೇಕು. ಬಿರುಕಿದ್ದರೆ ಅದು ಒಳಗಿಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿ ಹಚ್ಚಬೇಕು. ಒಳಗೆ ಅಡಗಿದ ಕೆಂಪನ್ನು ಬಿಳಿ ಹೊರಕ್ಕೆ ಹೀರುತ್ತದೆ, ಬಿರುಕು ಇರುವ ಕಡೆ ಗೆರೆ ಮೂಡುತ್ತದೆ. ಇಷ್ಟೇ. ಇದಕ್ಕೆ ಸರ್ಕಾರ ಸಂಬಳ ಕೊಡುತ್ತಿತ್ತು.

ಈ ಕೆಲಸದ ತೊಂದರೆಯೆಂದರೆ ಅದು ಸಂಜೆ ನಮ್ಮ ಜೊತೆ ಮನೆಗೂ ಬರುತ್ತದೆ. ಎಲ್ಲರೂ ತೆಂಗಿನಕಾಯಿಯನ್ನು ತಟ್ಟಿ ನೋಡಿ ಕೊಳ್ಳುತ್ತಾರೆ. ನಾನು ಕುಕ್ಕರನ್ನು, ಸಿಂಕನ್ನು, ಪಕ್ಕದ ಮನೆಯವರು ಕಟ್ಟಿಸುತ್ತಿದ್ದ ಪಿಲ್ಲರನ್ನು ಕೂಡ ತಟ್ಟಿ ನೋಡಿದೆ. ಮಗಳಿಗೆ ಬಂದ ಸಂಬಂಧಗಳನ್ನೂ ಒಂದಾದ ಮೇಲೊಂದರಂತೆ ರಿಜೆಕ್ಟ್ ಮಾಡಿದೆ. ಆ ರಿಜೆಕ್ಷನ್ನುಗಳ ಬಗ್ಗೆ ಮಾತ್ರ ಮಗಳಿಂದ ತಕರಾರು ಬರಲಿಲ್ಲ.

"ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿಯಂತೆ, ನಿಮಗೆ ಕಾಣೋದೆಲ್ಲ ಬಿರುಕು ಕಣ್ರೀ" ಎನ್ನುತ್ತಿದ್ದಳು ಹೆಂಡತಿ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕತೆ ನನಗೂ ಗೊತ್ತು. ಆದರೆ ಆ ಹುಡುಗ ಸುಳ್ಳು ಹೇಳುತ್ತಿದ್ದ. ನನಗೆ ನಿಜವಾಗಿಯೂ ತೋಳ ಕಾಣುತ್ತಿತ್ತು. ಫಲ ಮಾತ್ರ ಇಬ್ಬರಿಗೂ ಒಂದೇ ಆಯಿತು, ಮನೆಯಲ್ಲಿ ನನ್ನ ಮಾತಿನ ಬೆಲೆ ಮೂರು ಕಾಸಿಗಿಳಿಯಿತು.

ಇಂಥ ಪರಿಸ್ಥಿತಿಯಲ್ಲಿ ಮಗಳು ಜೀಪು ಕೊಂಡಳು. ಅವಳ ಆಫೀಸು ವೈಟ್‌ಫೀಲ್ಡಿನಲ್ಲಿ. ವಾರವಿಡೀ ಕುರ್ಚಿಯಲ್ಲಿ ಕೂತಿದ್ದು, ರಜೆ ಬಂದರೆ ಗುಂಪು ಕಟ್ಟಿಕೊಂಡು ಜೀಪನ್ನು ಬಂಡೆ ಹತ್ತಿಸುವುದಕ್ಕೆ ಹೋಗುತ್ತಾಳೆ. ಆಫ್-ರೋಡ್ ಎಂದರೆ ರಸ್ತೆ ಇಲ್ಲದ ಕಡೆ ಗಾಡಿ ಓಡಿಸುವುದು ಎಂದು ನನಗೆ ವಿವರಿಸಿದಳು. ಅದಕ್ಕೆ ಊರು ಬಿಟ್ಟು ಹೋಗಬೇಕೇ, ಪೀಣ್ಯ ಎರಡನೇ ಹಂತ ಸಾಲದೇ ಎಂದು ಕೇಳಿದೆ. ಅವಳು ನಗಲಿಲ್ಲ.

ಜೀಪಿನ ಜೊತೆ ಬಂದಿದ್ದ ಕಬ್ಬಿಣದ ಚಕ್ರಗಳನ್ನು ಅಂಗಡಿಯವನಿಗೇ ಕೊಟ್ಟು, ಸ್ಟೆಪ್ನಿಯೂ ಸೇರಿ ಐದು ಹೊಸ ಅಲ್ಯೂಮಿನಿಯಂ ಚಕ್ರ ಹಾಕಿಸಿಕೊಂಡು ಬಂದಳು. ಕಪ್ಪು ಬಣ್ಣದವು, ಅಗಲವಾದವು, ಮಡ್‌ಗಾರ್ಡಿನಿಂದ ಆಚೆ ಮೂತಿ ಚಾಚಿದವು. ನಾನು ಬಗ್ಗಿ ಒಂದನ್ನು ಬೆರಳಿನಿಂದ ತಟ್ಟಿದೆ.

"ಅಪ್ಪಾ, ಶುರು ಮಾಡ್ಬೇಡ" ಎಂದಳು.

ಶುರು ಮಾಡಿದೆ. ಬಂಡೆಯ ಮೇಲೆ ಹಿಡಿತ ಸಿಗಲೆಂದು ನೀವು ಟೈರಿನ ಗಾಳಿ ಇಳಿಸುತ್ತೀರಿ, ಆಗ ಏಟು ನೇರವಾಗಿ ಚಕ್ರಕ್ಕೆ ಬೀಳುತ್ತದೆ ಎಂದೆ. ಕಬ್ಬಿಣದ ಚಕ್ರ ಏಟು ತಿಂದರೆ ಸೊಟ್ಟಗಾಗಿ ತೋರಿಸಿಕೊಳ್ಳುತ್ತದೆ. ಎರಕದ ಅಲ್ಯೂಮಿನಿಯಂ ಹಾಗಲ್ಲ, ನೋವನ್ನೆಲ್ಲ ಒಳಗೇ ಇಟ್ಟುಕೊಂಡು ಒಂದು ದಿನ ಹೇಳದೆ ಕೇಳದೆ ಒಡೆಯುತ್ತದೆ. ಒಳ್ಳೆಯ ಎರಕವಾದರೆ ಬಹಳ ಕಾಲ ತಡೆಯುತ್ತದೆ. ಇದು ಒಳ್ಳೆಯ ಎರಕವೋ ಅಲ್ಲವೋ ಬಣ್ಣದ ಮೇಲಿಂದ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲವನ್ನೂ ಸಾವಧಾನವಾಗಿ ಹೇಳಿದೆ. ಮುಗಿದ ಮೇಲೆ ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಏನೋ ಹೇಳ್ತಿದ್ಯಾ?" ಎಂದಳು.

ಅದಾಗಿ ಮಳೆಗಾಲವೊಂದು ಕಳೆಯಿತು. ಅವಳು ಹಲವು ಬೆಟ್ಟ ಹತ್ತಿಳಿದಳು. ಚಕ್ರಗಳಿಗೆ ಏನೂ ಆಗಲಿಲ್ಲ. ನನ್ನ ಮಾತಿನ ಬೆಲೆ ಮೂರು ಕಾಸಿನಿಂದಲೂ ಕೆಳಗಿಳಿಯಿತು.

ಆಯುಧಪೂಜೆಯ ದಿನ ಜೀಪನ್ನು ತೊಳೆದು ಮನೆಯ ಮುಂದೆ ನಿಲ್ಲಿಸಿದ್ದೆವು. ಹೆಂಡತಿ ಕುಂಕುಮವನ್ನು ನೀರಲ್ಲಿ ಕಲಸಿ ಒಂದೊಂದೇ ಚಕ್ರಕ್ಕೆ ಬೊಟ್ಟಿಡುತ್ತ ಹೋದಳು. ಡ್ರೈವರ್ ಕಡೆಯ ಮುಂದಿನ ಚಕ್ರಕ್ಕೆ ಬರುವ ಹೊತ್ತಿಗೆ ನೀರು ಹೆಚ್ಚಾಗಿ ಕುಂಕುಮ ಸೋರಿ ನಟ್ಟುಗಳ ಸುತ್ತ ಇಳಿಯಿತು. ಅಂಗಡಿಯ ಅಗ್ಗದ ಕುಂಕುಮ, ಕೈಗೆ ಹತ್ತಿದರೆ ಮೂರು ದಿನ ಹೋಗುವುದಿಲ್ಲ. ಮಂಗಳಾರತಿ ಮುಗಿಯುವವರೆಗೆ ತಡೆದುಕೊಂಡಿದ್ದ ಮಗಳು ಬಟ್ಟೆ ತಂದು ಆ ಚಕ್ರವನ್ನು ಚೊಕ್ಕಟವಾಗಿ ಒರೆಸಿದಳು. ಪೂಜೆ ಮಾಡಿದ್ದನ್ನು ಒರೆಸಿಬಿಟ್ಟಳು ಎಂದು ಹೆಂಡತಿಗೆ ಸಿಟ್ಟು ಬಂತು. ಪರಿಹಾರಕ್ಕೆಂದು ಅದೇ ಜಾಗಕ್ಕೆ ವಿಭೂತಿಯನ್ನು ದಪ್ಪಗೆ ಬಳಿದಳು. ನಾವು ಒಳಗೆ ಹೋಗಿ ಒಬ್ಬಟ್ಟು ತಿಂದೆವು.

ಕೈ ತೊಳೆದು ಹೊರಗೆ ಬಂದಾಗ ಒಣಗಿದ ವಿಭೂತಿಯ ಮೇಲೆ ಒಂದು ಕೆಂಪು ಗೆರೆ ಮೂಡಿತ್ತು. ನಟ್ಟಿನ ತೂತಿನಿಂದ ಹೊರಟು ಚಕ್ರದ ಕಡ್ಡಿಯುದ್ದಕ್ಕೂ ಹೋಗಿತ್ತು. ತಾಯಿ ಮಗಳಿಬ್ಬರೂ ಯಾವ ತರಬೇತಿಯೂ ಇಲ್ಲದೆ, ಜಗಳವಾಡಿಕೊಂಡೇ, ನನ್ನ ಕಾರ್ಖಾನೆಯ ಪರೀಕ್ಷೆಯನ್ನು ಸರಿಯಾದ ಕ್ರಮದಲ್ಲಿ ಮಾಡಿ ಮುಗಿಸಿದ್ದರು.

ಹೆಂಡತಿ ಬಂದು ನೋಡಿ ಕೈ ಮುಗಿದಳು. "ನೋಡಿದ್ರೇನ್ರೀ, ಒರೆಸಿದ್ರೂ ತಾಯಿ ತಾನಾಗೇ ಕುಂಕುಮ ಇಟ್ಕೊಂಡಿದ್ದಾಳೆ!"

ನನಗೆ ಭಯವಾಯಿತು. ಈ ಬಿರುಕಿಟ್ಟುಕೊಂಡೇ ಮಗಳು ಎಷ್ಟು ದಿನದಿಂದ ಓಡಾಡಿದ್ದಾಳೋ. ಮರುದಿನ ವಿಜಯದಶಮಿ ರಜೆ. ಅವಳೂ ಅವಳ ಗೆಳೆಯರೂ ನೆಲಮಂಗಲ ಟೋಲಿನ ಹತ್ತಿರ ಸೇರಿ ಬೆಟ್ಟಕ್ಕೆ ಹೋಗುವವರಿದ್ದರು. ಬಾಯಿ ತೆರೆದರೆ ಮತ್ತೆ ಅಪ್ಪನ ರಿಜೆಕ್ಷನ್ ಎಂದುಬಿಡುತ್ತಾಳೆ. ಹಾಗಾಗಿ ಕರೆದು ಸುಮ್ಮನೆ ಬೆರಳು ತೋರಿಸಿದೆ.

ಅವಳು ಬಗ್ಗಿ ನೋಡಿದಳು. "ಪೇಂಟ್ ಬಿರಿದಿದೆ ಅಷ್ಟೇ ಅಪ್ಪ."

"ಇರಬಹುದು. ಪೇಂಟ್ ತೆಗೆದು ನೋಡು" ಎಂದೆ.

ಆದರೆ ಸ್ಪ್ಯಾನರು, ಜಾಕು, ಸ್ಕ್ರೂಡ್ರೈವರು ಎಲ್ಲ ದೇವರ ಮುಂದೆ ಹೂವು ಮುಡಿದುಕೊಂಡು ಕೂತಿದ್ದವು. ಪೂಜೆಗಿಟ್ಟ ಆಯುಧವನ್ನು ಬೆಳಗಾಗುವವರೆಗೆ ಮುಟ್ಟಕೂಡದು ಎಂದಳು ಹೆಂಡತಿ. ಎಮರಿ ಪೇಪರ್ ಆಯುಧವೇ ಎಂದು ಮಗಳು ಕೇಳಿದಳು. ಹೆಂಡತಿ ಯೋಚಿಸಿ, ಅದು ಕಾಗದ, ಪರವಾಗಿಲ್ಲ ಎಂದು ತೀರ್ಪು ಕೊಟ್ಟಳು. ಮಗಳು ಕೂತು ಉಜ್ಜಿದಳು. ಕಪ್ಪು ಹೋಗಿ ಬೆಳ್ಳಗಿನ ಲೋಹ ಬಂತು. ಗೆರೆ ಲೋಹದಲ್ಲೂ ಹಾಗೇ ಮುಂದುವರಿದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಅವಳು ಗೆರೆಯ ಮೇಲೆ ಉಗುರು ಎಳೆದು ನೋಡಿದಳು, ಇನ್ನೊಮ್ಮೆ ಎಳೆದಳು, ಎದ್ದು ಒಳಗೆ ಹೋದಳು. ನಾನು ಆಗಲೇ ಹೇಳಿರಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಒಬ್ಬಟ್ಟಿಗಿಂತ ಅದೇ ಹೆಚ್ಚು ಭಾರವಾಗಿ ಕೂತಿತು.

ಬೆಳಿಗ್ಗೆ ಹೆಂಡತಿ ದೇವರ ಮುಂದಿನಿಂದ ಜಾಕು ಎತ್ತಿಕೊಟ್ಟ ಕೂಡಲೇ ಮಗಳು ಆ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಿದಳು. ದಾರಿಯಲ್ಲಿ ಬೇಕಾದರೆ ಗುಂಪಿನಲ್ಲಿ ಇನ್ನೊಬ್ಬರ ಹತ್ತಿರ ಇದೇ ಅಳತೆಯ ಸ್ಟೆಪ್ನಿ ಇದೆಯಂತೆ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳು ಕೈ ಒರೆಸಿಕೊಳ್ಳುತ್ತ ನನ್ನ ಮುಂದೆ ಬಂದು ನಿಂತಳು.

"ಉಳಿದಿದ್ದು ಹೇಗಿವೆ?"

"ನೋಡ್ಬೇಕು."

"ನೋಡು. ನೀನು ಓಕೆ ಅಂದ್ರೆ ಹೋಗ್ತೀನಿ. ಬೇಡ ಅಂದ್ರೆ ಫೋನ್ ಮಾಡಿ ಬರಲ್ಲ ಅಂತೀನಿ. ಜಗಳ ಆಡಲ್ಲ ಅಪ್ಪ."

ಜಗಳ ಆಡಲ್ಲ ಎಂಬ ಮಾತನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ನಾನು ಕಾಯುತ್ತಿದ್ದದ್ದು ಇದಕ್ಕೇ.

ದೇವರ ಮುಂದಿನಿಂದ ಕುಂಕುಮ, ವಿಭೂತಿ ತರಿಸಿದೆ. ಒಂದೊಂದು ಚಕ್ರವನ್ನೂ ಅವಳು ಬಿಚ್ಚಿಕೊಟ್ಟಳು, ಈಗತಾನೇ ಹಾಕಿದ ಸ್ಟೆಪ್ನಿಯನ್ನೂ ಬಿಡಲಿಲ್ಲ. ಒಳಮೈ ಹೊರಮೈ ಎರಡಕ್ಕೂ ಬಳಿದೆ, ಕಾದೆ, ಒರೆಸಿದೆ, ಬಿಳಿ ಹಚ್ಚಿದೆ. ಅಷ್ಟರಲ್ಲಿ ಅವಳ ಫೋನು ಮತ್ತೆ ಮತ್ತೆ ಹೊಡೆದುಕೊಂಡಿತು. "ಲೇಟಾಗುತ್ತೆ ಗುರು, ನಮ್ಮಪ್ಪ ನೋಡ್ತಿದ್ದಾರೆ" ಎಂದಳು ಯಾರಿಗೋ. ನಮ್ಮಪ್ಪ ನೋಡ್ತಿದ್ದಾರೆ ಎಂಬುದನ್ನು ಅವಳು ದೂರಿನಂತೆ ಹೇಳಲಿಲ್ಲ. ಸುಮ್ಮನೆ ಹೇಳಿದಳು. ಅದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ವಿಭೂತಿ ಅಂಗಿಗೂ ಬಳಿದುಕೊಂಡೆ.

ವಿಭೂತಿ ಒಣಗಿತು. ಯಾವ ಚಕ್ರದ ಮೇಲೂ ಗೆರೆ ಬರಲಿಲ್ಲ. ಮತ್ತೆ ನೋಡಿದೆ. ಕನ್ನಡಕ ಒರೆಸಿಕೊಂಡು ನೋಡಿದೆ. ಒಂದು ಸಣ್ಣ ಕೆಂಪು ಚುಕ್ಕೆಯಾದರೂ ಸಿಕ್ಕಿದ್ದರೆ ಬಚಾವಾಗುತ್ತಿದ್ದೆ.

ರಿಜೆಕ್ಟ್ ಮಾಡುವುದು ಸುಲಭದ ಕೆಲಸ. ರಿಜೆಕ್ಟ್ ಆದದ್ದು ಮೂಲೆಯಲ್ಲಿ ಬಿದ್ದಿರುತ್ತದೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಪಾಸಾದದ್ದು ಲೋಕದಲ್ಲಿ ಓಡಾಡಲು ಹೊರಡುತ್ತದೆ. ಕಾರ್ಖಾನೆಯಲ್ಲಿ ನನ್ನ ಮೇಲೆ ಇನ್ನೊಬ್ಬ ಇನ್ಸ್‌ಪೆಕ್ಟರ್ ಇದ್ದ, ಅವನ ಮೇಲೆ ಮತ್ತೊಬ್ಬ. ಇಲ್ಲಿ ನನ್ನ ಮೇಲೆ ಯಾರೂ ಇರಲಿಲ್ಲ. ಇವತ್ತು ಗೆರೆ ಇಲ್ಲ ಎಂದರೆ ಇವತ್ತು ಗೆರೆ ಇಲ್ಲ ಎಂದಷ್ಟೇ ಅರ್ಥ. ಮಧ್ಯಾಹ್ನದ ಬಂಡೆಗಳ ಬಗ್ಗೆ ವಿಭೂತಿ ಏನೂ ಹೇಳುವುದಿಲ್ಲ. ಬೇಡ ಎಂದು ಒಂದು ಮಾತು ಹೇಳಿದ್ದರೆ ಮಗಳು ಮನೆಯಲ್ಲಿರುತ್ತಿದ್ದಳು, ಜಗಳವೂ ಇರುತ್ತಿರಲಿಲ್ಲ. ಆ ಮಾತು ಬಾಯಿಗೆ ಬಂದೂ ಬಂದಿತ್ತು. ಆದರೆ ಚಕ್ರ ಚೆನ್ನಾಗಿತ್ತು. ಚೆನ್ನಾಗಿದ್ದದ್ದನ್ನು ನಾನು ಯಾವತ್ತೂ ರಿಜೆಕ್ಟ್ ಮಾಡಿದವನಲ್ಲ, ಸಂಬಂಧಗಳ ವಿಷಯ ಬಿಟ್ಟರೆ.

"ಏನಪ್ಪಾ?" ಎಂದಳು.

"ಹೋಗಿ ಬಾ" ಎಂದೆ.

ಅವಳು ಚಕ್ರಗಳನ್ನು ಮತ್ತೆ ಹಾಕಿದಳು. ನಟ್ಟು ಬಿಗಿ ಮಾಡಿ, ನಾನು ಮತ್ತೊಮ್ಮೆ ಬಿಗಿ ಮಾಡುವವರೆಗೆ ಕಾದು, ಹೊರಟಳು. ಜೀಪು ತಿರುವಿನಲ್ಲಿ ಮರೆಯಾಯಿತು. ಹೆಂಡತಿ ಕಾಫಿಗೆ ಕರೆದಳು, ಆಮೇಲೆ ತಿಂಡಿಗೆ ಕರೆದಳು, ಆಮೇಲೆ ಊಟಕ್ಕೆ ಕರೆದಳು. ಬಂದೆ ಎಂದೆ. ಅವತ್ತು ಸಂಜೆಯವರೆಗೂ ನನಗೆ ಗೇಟಿನ ಹತ್ತಿರ ಏನಾದರೊಂದು ಕೆಲಸವಿತ್ತು.